ವೀಸಾ ಬೇಡದ ಊರಿಗೆ

“ಅಮ್ಮಾ, ಈ ದೇಶಕ್ಕೆ ಬರಲು ನಿನಗೆ ವೀಸಾ ಬೇಕಿಲ್ಲ. ಟಿಕೇಟು ಕೊಂಡು ವಿಮಾನ ಹತ್ತಿದರಾಯಿತು” ಎಂದು ಮಗಳು ದೂರವಾಣಿಯಲ್ಲಿ ಹೇಳಿದಾಗ ನಾನು ಮೈಸೂರಿನ ನಮ್ಮ ಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಇದು 2023ರ ಸೆಪ್ಟೆಂಬರ್ ತಿಂಗಳ ಮಾತು. ವೀಸಾ ಬೇಡ ಎಂಬ ಒಂದೇ ಮಾತಿಗೆ ಆ ದೂರದ ದ್ವೀಪ ನನ್ನ ಕಣ್ಣಿಗೆ ನಂಜನಗೂಡಿನಷ್ಟು ಹತ್ತಿರವಾಗಿ ಕಂಡಿತು. ಆ ಸಂತೋಷದಲ್ಲಿ ಸಾಸಿವೆ ಸೀದದ್ದೂ ತಿಳಿಯಲಿಲ್ಲ.

ಮಗಳಿಗೆ ಜನವರಿಯ ಕೊನೆಗೆ ದಿನ ತುಂಬುವುದಿತ್ತು. ಚೊಚ್ಚಲ ಹೆರಿಗೆ. ತವರಿಗೆ ಕರೆತರೋಣವೆಂದರೆ, ಅಷ್ಟು ದೂರದ ಪ್ರಯಾಣ ಅವಳಿಗೆ ಒಗ್ಗದೆಂದು ಅಲ್ಲಿನ ವೈದ್ಯರು ಖಂಡಿತವಾಗಿ ಹೇಳಿಬಿಟ್ಟಿದ್ದರು. ಮಗಳು ತವರಿಗೆ ಬಾರದಿದ್ದರೆ ತವರೇ ಮಗಳ ಬಳಿಗೆ ಹೋಗಬೇಕು, ಬೇರೆ ದಾರಿಯೆಲ್ಲಿ? ನನ್ನ ತಾಯಿ ನನ್ನ ಬಾಣಂತನ ಮಾಡಿದಳು. ಅವಳ ಬಾಣಂತನವನ್ನು ಅವಳ ತಾಯಿ ಮಾಡಿದ್ದಳು. ಈ ಋಣ ಹಿಂದಕ್ಕೆ ಸಲ್ಲುವುದಲ್ಲ, ಮುಂದಕ್ಕೆ ಸಲ್ಲುವುದು. ಅದನ್ನು ಸಲ್ಲಿಸಲು ಸಮುದ್ರ ದಾಟಬೇಕಾಗಿ ಬಂದದ್ದು ನಮ್ಮ ವಂಶದಲ್ಲಿ ನನ್ನೊಬ್ಬಳಿಗೇ.

ಅಳಿಯ ಟ್ರಿನಿಡಾಡಿನ ಸೇಂಟ್ ಆಗಸ್ಟೀನ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ. ಟ್ರಿನಿಡಾಡ್ ಮತ್ತು ಟೊಬೇಗೊ ಎಂಬ ಎರಡು ದ್ವೀಪಗಳು ಸೇರಿ ಒಂದು ದೇಶ, 1962ರಲ್ಲಿ ಸ್ವತಂತ್ರವಾದದ್ದು. ವೆನೆಜುವೆಲಾದ ಕರಾವಳಿಯ ಮಗ್ಗುಲಿನಲ್ಲೇ ಇದೆ. ಎರಡನ್ನೂ ಕೂಡಿಸಿದರೂ ನಮ್ಮ ಮೈಸೂರು ಜಿಲ್ಲೆಗಿಂತ ಚಿಕ್ಕದು. ಆಗ ಭಾರತದ ರಹದಾರಿ ಉಳ್ಳವರು ನೆಂಟರನ್ನು ನೋಡಲೋ ಊರು ನೋಡಲೋ ಅಲ್ಲಿಗೆ ಹೋಗುವುದಾದರೆ ತೊಂಬತ್ತು ದಿನಗಳವರೆಗೆ ವೀಸಾ ಬೇಕಿರಲಿಲ್ಲ. ಜಮೈಕಾ, ಬಾರ್ಬಡೋಸ್, ಗ್ರೆನೇಡಗಳಿಗೂ ನಮ್ಮವರು ಹಾಗೆಯೇ ಹೋಗಬಹುದಾಗಿತ್ತು; ಇರಬಹುದಾದ ದಿನಗಳ ಲೆಕ್ಕ ಮಾತ್ರ ಬೇರೆ ಬೇರೆ. ಭೂಪಟದಲ್ಲಿ ಆ ದ್ವೀಪಗಳು ಸಾಲಾಗಿ ಚೆಲ್ಲಿದ ಅವಲಕ್ಕಿಯಂತೆ ಕಂಡರೂ ಒಂದೊಂದೂ ಒಂದೊಂದು ರಾಜ್ಯ. ಒಂದರ ಅನುಮತಿ ಇನ್ನೊಂದಕ್ಕೆ ಸಲ್ಲದು.

ನಮ್ಮ ಯಜಮಾನರಿಗೆ ಆ ಊರು ಹೊಸದಾಗಿರಲಿಲ್ಲ. ಕಣ್ಣಿನಿಂದ ಕಂಡವರಲ್ಲ, ಆದರೆ ಅದರ ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಹೆಸರು ಕೇಳಿದರೆ ಅವರ ಮುಖಕ್ಕೆ ಹದಿನೆಂಟು ವರ್ಷದ ಕಳೆ ಬರುತ್ತದೆ. 1976ರ ಏಪ್ರಿಲ್ 12ರಂದು ಅಲ್ಲಿನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿ ನಮ್ಮವರು ನಾಲ್ಕನೆಯ ಇನ್ನಿಂಗ್ಸಿನಲ್ಲಿ 403 ಓಟಗಳ ಗುರಿಯನ್ನು ಬೆನ್ನಟ್ಟಿ, ನಾಲ್ಕೇ ವಿಕೆಟ್ಟು ಕಳೆದುಕೊಂಡು 406 ಹೊಡೆದು ಗೆದ್ದರಂತೆ. ಗಾವಸ್ಕರ್ 102, ನಮ್ಮ ಭದ್ರಾವತಿಯ ವಿಶ್ವನಾಥ್ 112, ಕೊನೆಯವರೆಗೂ ನಿಂತ ನಮ್ಮ ಬ್ರಿಜೇಶ್ ಪಟೇಲ್ 49. ಆ ವಾರ್ತೆಯ ಪತ್ರಿಕೆಯ ತುಣುಕು ಇಂದಿಗೂ ಅವರ ಪೆಟ್ಟಿಗೆಯಲ್ಲಿ, ನಮ್ಮ ಲಗ್ನಪತ್ರಿಕೆಯ ಮೇಲೆ, ಇದೆ. ಮೇಲೆ ಎಂಬುದನ್ನು ಓದುಗರು ಗಮನಿಸಬೇಕು.

“ಹೋಗೋಣ. ನೀನು ಬಾಣಂತನ ಮಾಡು, ನಾನು ಓವಲ್ ನೋಡುತ್ತೇನೆ” ಎಂದು ಅವರು ಅಂದೇ ಸಂಜೆ ಪ್ರಯಾಣದ ಏಜೆಂಟರೊಬ್ಬರಲ್ಲಿಗೆ ಹೋದರು. ಏಜೆಂಟರು ಬಹಳ ಮಾತುಗಾರರು. ವೀಸಾ ಬೇಡದ ದೇಶವೆಂದರೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಎಂದು ಹೇಳಿ, ಇಬ್ಬರಿಗೂ ನ್ಯೂಯಾರ್ಕಿನ ಮಾರ್ಗವಾಗಿ ಅಗ್ಗದ ಟಿಕೇಟು ಮಾಡಿಕೊಟ್ಟರು. ನಾವು ಸಿಹಿ ಕೊಟ್ಟು ಬಂದೆವು.

ಹದಿನೈದು ದಿನ ಕಳೆದ ಮೇಲೆ ಅಳಿಯನ ಕೈಗೆ ಆ ಟಿಕೇಟಿನ ಪ್ರತಿ ಸಿಕ್ಕಿತು. ಅವನು ನಡುರಾತ್ರಿಯಲ್ಲಿ ನಮ್ಮನ್ನು ಎಬ್ಬಿಸಿ, “ಅತ್ತೆ, ಅಮೆರಿಕದ ವೀಸಾ ತೆಗೆದಿರುವಿರಾ?” ಎಂದು ಕೇಳಿದನು.

“ಅಮೆರಿಕಕ್ಕೆ ಯಾರು ಹೋಗುತ್ತಾರಪ್ಪ? ಅಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವುದಷ್ಟೆ” ಎಂದೆ.

ಅದೇ ಕಷ್ಟ ಎಂದನು ಅವನು. ಅಮೆರಿಕದ ನೆಲದಲ್ಲಿ ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಏರುವುದು ಎರಡೇ ಗಂಟೆಯ ಕೆಲಸವಾದರೂ, ಆ ದೇಶವನ್ನು ವಿಧಿವತ್ತಾಗಿ ಪ್ರವೇಶಿಸಿಯೇ ಏರಬೇಕು. ಆದುದರಿಂದ ನಮ್ಮಂಥವರಿಗೆ ಅಲ್ಲಿನ ವೀಸಾ ಇರಲೇಬೇಕು. ಅದಕ್ಕೆ ಅರ್ಜಿ, ಶುಲ್ಕ, ಸಂದರ್ಶನ, ಸಂದರ್ಶನಕ್ಕೆ ಸರದಿ. ಮಗುವೋ ಸರದಿಗಾಗಿ ಕಾಯುವಂಥದಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದರ ಅರ್ಥ ಆ ರಾತ್ರಿ ತಿಳಿಯಿತು. ಹೋಗುವ ಊರು ಬಾಗಿಲು ತೆರೆದು ಕರೆಯುತ್ತಿದೆ. ದಾರಿಯಲ್ಲಿರುವ ಊರು ತನ್ನ ಅಂಗಳ ತುಳಿಯಲು ಬಿಡದು.

ಟಿಕೇಟನ್ನು ರದ್ದುಮಾಡಿದೆವು. ಹಣದಲ್ಲಿ ಅರ್ಧಕ್ಕಿಂತ ಕಡಮೆ ಕೈಗೆ ಬಂದಿತು. ಏಜೆಂಟರನ್ನು ಕೇಳಿದರೆ, “ನೀವು ದ್ವೀಪದ ವೀಸಾ ಕೇಳಿದಿರಿ, ನಾನು ಬೇಡವೆಂದೆ. ಅದು ಸುಳ್ಳೇ?” ಎಂದರು. ಸುಳ್ಳಲ್ಲ, ಆದ್ದರಿಂದಲೇ ಸಿಟ್ಟು ಹೆಚ್ಚಾಯಿತು.

ಮುಂದೆ ಒಂದು ವಾರ ನಮ್ಮ ಊಟದ ಮೇಜಿನ ಮೇಲೆ ಭೂಪಟವೇ ಹರಡಿತ್ತು. ಲಂಡನ್ನಿನ ಮಾರ್ಗ ನೋಡಿದೆವು. ಅಲ್ಲಿ ಒಂದು ನಿಲ್ದಾಣದಲ್ಲಿ ಇಳಿದು ಇನ್ನೊಂದು ನಿಲ್ದಾಣಕ್ಕೆ ಹೋಗಿ ವಿಮಾನ ಹತ್ತಬೇಕಾದರೆ ಬ್ರಿಟನ್ನಿನ ವೀಸಾ ಬೇಕು. ಒಂದೇ ನಿಲ್ದಾಣದ ಒಳಗೇ ಕುಳಿತಿದ್ದರೂ ನಮ್ಮವರಿಗೆ ಅದಕ್ಕೆಂದೇ ಏರ್ಪಟ್ಟ ಬೇರೊಂದು ಪರವಾನಗಿ ಬೇಕು. ಕೊನೆಗೆ ಆಮ್‌ಸ್ಟರ್‌ಡಾಮಿನ ಮಾರ್ಗ ಒದಗಿತು. ಅಲ್ಲಿ ನಿಲ್ದಾಣದ ಒಳಗಿನ ಆವರಣವನ್ನು ಬಿಟ್ಟು ಹೊರಡದೆ, ಒಂದೇ ಟಿಕೇಟಿನಲ್ಲಿ ಮುಂದಿನ ವಿಮಾನ ಹತ್ತುವ ಭಾರತೀಯರಿಗೆ ಆಗ ವೀಸಾ ಬೇಕಿರಲಿಲ್ಲ. ಬೆಲೆ ಹೆಚ್ಚು. “ಹೆಚ್ಚಾದರೆ ಆಗಲಿ. ಒಡವೆ ಮಾಡಿಸಿಕೊಡುವ ಬದಲು ಅಜ್ಜಿಯನ್ನೇ ಕಳಿಸಿಕೊಟ್ಟಂತಾಯಿತು” ಎಂದು ಯಜಮಾನರು ಹೇಳಿದರು.

ಇಷ್ಟಕ್ಕೆ ಮುಗಿಯಿತೆಂದುಕೊಂಡೆವು. ಮೂರನೆಯ ಬಾಗಿಲೊಂದಿತ್ತು. ಅದು ಹೋಗುವ ದೇಶದ್ದಲ್ಲ, ದಾರಿಯ ದೇಶದ್ದೂ ಅಲ್ಲ. ಮರಳಿ ಬರುವ ನಮ್ಮ ದೇಶದ್ದೇ!

ಟ್ರಿನಿಡಾಡಿನ ಕಾಡುಗಳಲ್ಲಿ ಹಳದಿ ಜ್ವರದ ಅಂಜಿಕೆ ಇದೆ. 1979ರಲ್ಲಿ ಅಲ್ಲಿ ಆ ಜ್ವರ ಕಾಣಿಸಿಕೊಂಡಿತ್ತು. ಕಾಡಿನ ಕೋತಿಗಳಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯನಿಗೆ ಅದು ದಾಟುತ್ತದೆ. ಸೊಳ್ಳೆಯೇ ಇದರ ವಾಹಕವೆಂದು 1881ರಲ್ಲಿ ಮೊದಲು ಹೇಳಿದವರು ಅದೇ ಸಮುದ್ರದ ಕ್ಯೂಬಾ ದ್ವೀಪದ ವೈದ್ಯ ಕಾರ್ಲೋಸ್ ಫಿನ್‌ಲೇ. ಆ ಜಾತಿಯ ಸೊಳ್ಳೆ, ಎಂದರೆ ಡೆಂಗೆಯನ್ನು ಹರಡುವ ಸೊಳ್ಳೆಯೇ, ನಮ್ಮಲ್ಲಿ ಬೇಕಾದಷ್ಟಿದೆ. ಆದರೆ ಆ ಜ್ವರ ಮಾತ್ರ ನಮ್ಮ ದೇಶಕ್ಕೆ ಕಾಲಿಟ್ಟಿಲ್ಲ. ಕಾಲಿಟ್ಟರೆ ಗತಿಯೇನು? ಆದುದರಿಂದ ಅಂಥ ದೇಶಗಳಿಂದ ಬರುವವರು ಲಸಿಕೆ ಹಾಕಿಸಿಕೊಂಡ ಹಳದಿ ಪುಸ್ತಕವನ್ನು ತೋರಿಸಬೇಕೆಂದು ನಮ್ಮ ಸರ್ಕಾರದ ಕಟ್ಟಪ್ಪಣೆ. ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಭಾರತದಿಂದ ಹೋಗುವವರನ್ನು ಟ್ರಿನಿಡಾಡಿನವರು ಆ ಪುಸ್ತಕ ಕೇಳುವುದಿಲ್ಲ. ಮರಳಿ ಬಂದಾಗ ನಮ್ಮವರೇ ಕೇಳುತ್ತಾರೆ.

ಲಸಿಕೆ ಹಾಕುವ ಕೇಂದ್ರಗಳು ಎಲ್ಲ ಊರುಗಳಲ್ಲಿ ಇಲ್ಲ. ಹೆಸರು ನೋಂದಾಯಿಸಿ, ಗೊತ್ತಾದ ದಿನ ಬೆಂಗಳೂರಿಗೆ ಹೋದೆವು. ಮುಂಜಾವದ ರೈಲು, ಕೈಯಲ್ಲಿ ಮೊಸರನ್ನದ ಡಬ್ಬಿ. ಅಲ್ಲಿನ ವೈದ್ಯರು ನನ್ನನ್ನು ಮೊದಲು ಕರೆದರು.

“ಮೊಟ್ಟೆ ತಿಂದರೆ ಮೈಗೆ ಏನಾದರೂ ತೊಂದರೆಯಾಗುವುದೇ?”

“ಹುಟ್ಟಿದಾಗಿನಿಂದ ತಿಂದವಳಲ್ಲ. ಆಗುವುದೋ ಇಲ್ಲವೋ ಹೇಗೆ ಹೇಳಲಿ?” ಎಂದೆ. ಈ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರಂತೆ. ಅದಕ್ಕಾಗಿ ಆ ಪ್ರಶ್ನೆ.

“ಕೇಕು ತಿಂದಿದ್ದೀರಾ?”

ನಾನು ಯಜಮಾನರ ಮುಖ ನೋಡಿದೆ. ಅವರು ಗೋಡೆಯ ಕಡೆ ನೋಡಿದರು. “ಮಗಳ ಹುಟ್ಟಿದ ಹಬ್ಬಗಳಲ್ಲಿ ಸ್ವಲ್ಪ…” ಎಂದೆ.

“ಏನೂ ಆಗಲಿಲ್ಲವಷ್ಟೆ? ಹಾಗಾದರೆ ತೋಳು ಚಾಚಿ” ಎಂದು ಅವರು ನಗುತ್ತಾ ಸೂಜಿ ಎತ್ತಿದರು. ಒಂದೇ ಚುಚ್ಚು. ಹತ್ತು ದಿನ ಕಳೆದರೆ ಪುಸ್ತಕ ಸಿಂಧುವಾಗುತ್ತದೆ. 2016ರಿಂದ ಈಚೆಗೆ ಅದು ಜೀವಮಾನದವರೆಗೂ ಸಲ್ಲುತ್ತದೆ. ಈ ಲಸಿಕೆಯನ್ನು ಸಿದ್ಧಪಡಿಸಿದ ಮ್ಯಾಕ್ಸ್ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಬಹುಮಾನ ಬಂದಿತೆಂದು ನಮ್ಮವರು ನನ್ನ ಕಿವಿಯಲ್ಲಿ ಹೇಳಿದರು. ನೋವಿನ ಹೊತ್ತಿನಲ್ಲಿ ಸಾಮಾನ್ಯ ಜ್ಞಾನವನ್ನು ಹಂಚುವುದು ಅವರ ಹಳೆಯ ಅಭ್ಯಾಸ.

ಆಮೇಲೆ ಅವರ ಸರದಿ. ವಯಸ್ಸು ಅರುವತ್ತಾರು ಎಂದಾಗಲೇ ವೈದ್ಯರು ಲೇಖನಿಯನ್ನು ಕೆಳಗಿಟ್ಟರು. ಕೀಲುವಾತಕ್ಕಾಗಿ ನುಂಗುವ ಮಾತ್ರೆಗಳ ಹೆಸರು ಕೇಳಿ ತಲೆಯಾಡಿಸಿದರು. ಇದು ಜೀವಂತ ಲಸಿಕೆ; ಅರುವತ್ತು ದಾಟಿದವರಿಗೆ ಮೊದಲ ಬಾರಿ ಕೊಡುವಾಗಲೇ ಎಚ್ಚರ ಬೇಕು; ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಕೊಡತಕ್ಕದ್ದಲ್ಲ ಎಂದರು.

“ಲಸಿಕೆ ಬೇಡ ಸ್ವಾಮಿ. ಹಿಂದಿರುಗಿದ ಮೇಲೆ ಆರು ದಿನ ನೀವು ಹೇಳಿದ ಕಡೆ ಇರುತ್ತೇನೆ” ಎಂದರು ನಮ್ಮವರು.

“ಪ್ರಶ್ನೆ ಆ ಆರು ದಿನದ್ದಲ್ಲ. ಅಲ್ಲಿರುವ ತೊಂಬತ್ತು ದಿನದ್ದು” ಎಂದರು ವೈದ್ಯರು, ಮೃದುವಾಗಿಯೇ.

ರೈಲಿನಲ್ಲಿ ಅವರು ಮಾತನಾಡಲಿಲ್ಲ. ರಾಮನಗರ ಕಳೆಯಿತು, ಚನ್ನಪಟ್ಟಣ ಕಳೆಯಿತು. ಮದ್ದೂರಿನಲ್ಲಿ ವಡೆ ಮಾರುವವನು ಬಂದಾಗ ಎರಡು ಕೊಂಡು ನನಗೊಂದು ಕೊಟ್ಟು, “ನೀನೊಬ್ಬಳೇ ಹೋಗಿ ಬಾ” ಎಂದರು. ನಾನು ಐವತ್ತೆಂಟು ವರ್ಷದಲ್ಲಿ ಒಬ್ಬಳೇ ಮಾಡಿದ ಅತಿ ದೂರದ ಪ್ರಯಾಣವೆಂದರೆ ಮೈಸೂರಿನಿಂದ ಬೆಂಗಳೂರು. ಆ ವಡೆ ಗಂಟಲಿನಲ್ಲಿ ಇಳಿಯಲಿಲ್ಲ.

ತಾವು ಬರಲಾರದ ದುಃಖವನ್ನೆಲ್ಲ ಅವರು ಒಂದು ಕಡತದಲ್ಲಿ ತುಂಬಿದರು. ಆರು ತಿಂಗಳಿಗಿಂತ ಹೆಚ್ಚು ಅವಧಿ ಉಳಿದಿರುವ ರಹದಾರಿ; ಹೋಗುವ ಮತ್ತು ಹಿಂದಿರುಗುವ ಟಿಕೇಟು; ಅಳಿಯನ ಆಮಂತ್ರಣ ಪತ್ರ, ಅವನ ಕೆಲಸದ ಪರವಾನಗಿಯ ಪ್ರತಿ, ಮನೆಯ ವಿಳಾಸ; ಬ್ಯಾಂಕಿನ ಪತ್ರ; ಪ್ರಯಾಣದ ವಿಮೆ; ನನ್ನ ರಕ್ತದೊತ್ತಡದ ಮಾತ್ರೆಗಳಿಗೆ ವೈದ್ಯರ ಚೀಟಿ; ಹಳದಿ ಪುಸ್ತಕ. ಒಂದೊಂದಕ್ಕೂ ಒಂದೊಂದು ಬಣ್ಣದ ಚೀಟಿ ಅಂಟಿಸಿ, ಯಾರು ಏನು ಕೇಳಿದರೆ ಯಾವ ಬಣ್ಣ ಎಂದು ಮೂರು ದಿನ ನನಗೆ ಪಾಠ ಹೇಳಿ ಪರೀಕ್ಷೆ ಮಾಡಿದರು.

ನನ್ನ ಪೆಟ್ಟಿಗೆಯ ಕಥೆ ಬೇರೆ. ಅಂಟಿನ ಉಂಡೆ, ಬಾಣಂತಿ ಖಾರದ ಪುಡಿ, ಒಣಶುಂಠಿ, ಬಜೆ, ಹಳೆಯ ಪಂಚೆ ಹರಿದು ಹೊಲಿದ ಬಟ್ಟೆಗಳು. ಮಗುವಿನ ಶೀತಕ್ಕೆ ಬೇಕೆಂದು ದೊಡ್ಡಪತ್ರೆಯ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಗಿಡ, ಬೀಜ, ಮಣ್ಣು ಇವುಗಳನ್ನು ಅನುಮತಿ ಇಲ್ಲದೆ ಒಯ್ಯಬಾರದು, ತಿನ್ನುವ ಪದಾರ್ಥವನ್ನು ಸುಂಕದವರಿಗೆ ಮುಚ್ಚಿಡಬಾರದು ಎಂದು ಅಳಿಯ ಬರೆದಿದ್ದನು. ಕಡ್ಡಿಯನ್ನು ಹಿತ್ತಲಿಗೇ ಮರಳಿ ನೆಟ್ಟೆ.

2024ರ ಜನವರಿಯ ಮೊದಲ ವಾರ ಹೊರಟೆ. ಆಮ್‌ಸ್ಟರ್‌ಡಾಮಿನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕಡತವನ್ನು ಮಡಿಲಲ್ಲಿ ಕೂಸಿನಂತೆ ಇಟ್ಟುಕೊಂಡು ಕುಳಿತಿದ್ದೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಟ್ರಿನಿಡಾಡಿನ ಪಿಯಾರ್ಕೊ ನಿಲ್ದಾಣದಲ್ಲಿ ಇಳಿದಾಗ ಸೆಕೆ, ಹಸುರು ವಾಸನೆ, ಮಂಗಳೂರಿನಲ್ಲಿ ಇಳಿದಂತಾಯಿತು.

ಪ್ರವೇಶದ ಕಟ್ಟೆಯಲ್ಲಿ ನಮ್ಮವರಂತೆಯೇ ಮುಖವಿದ್ದ ಒಬ್ಬ ಹೆಂಗಸು ಕುಳಿತಿದ್ದಳು. ಮಾತು ಮಾತ್ರ ಅಲ್ಲಿನ ಇಂಗ್ಲಿಷು, ಹಾಡಿನಂತೆ ಏರಿಳಿಯುವುದು. ಭೇಟಿಯ ಉದ್ದೇಶವೇನೆಂದು ಕೇಳಿದಳು. ಬಾಣಂತನಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? ಮೂರು ದಿನದ ಪಾಠದಲ್ಲಿ ಇದೊಂದು ಇರಲಿಲ್ಲ.

“ಮಗುವನ್ನು ನೋಡಿಕೊಳ್ಳಲು” ಎಂದೆ.

ಅವಳು ತಲೆಯೆತ್ತಿದಳು. “ಕೆಲಸಕ್ಕೆ ಬಂದಿದ್ದೀರಾ? ಯಾರ ಮನೆಯಲ್ಲಿ? ಸಂಬಳ ಯಾರು ಕೊಡುತ್ತಾರೆ?”

ನನ್ನ ಎದೆ ಹಾರಿತು. ಭೇಟಿಗೆ ಬಂದವರು ದುಡಿಯಕೂಡದು. ದುಡಿಯಲು ಬೇರೆ ಪರವಾನಗಿ ಬೇಕು. ಹಾಗೆ ಸಂಶಯ ಬಂದರೆ ಬಂದ ವಿಮಾನದಲ್ಲೇ ಹಿಂದಕ್ಕೆ ಕಳಿಸುವ ಅಧಿಕಾರ ಅವಳಿಗಿದೆ. ವೀಸಾ ಬೇಡವೆಂದರೆ ವಿಚಾರಣೆ ಬೇಡವೆಂದಲ್ಲ; ಒಳಗೆ ಬಿಡುವ ಬಿಡದಿರುವ ತೀರ್ಮಾನ ಆ ಕಟ್ಟೆಯಲ್ಲೇ ಆಗುತ್ತದೆ ಎಂಬುದು ಆಗ ಅರಿವಾಯಿತು.

“ಸಂಬಳವಿಲ್ಲ. ನನ್ನ ಮಗಳು. ಅವಳಿಗೆ ಮಗುವಾಗಬೇಕು. ಎಣ್ಣೆ ನೀರು ಹಾಕಲು, ಖಾರ ಕೊಡಲು… ನಾನು ಅಜ್ಜಿ” ಎಂದು ತಡವರಿಸಿದೆ. ಕೊನೆಯ ಪದ ಕನ್ನಡದಲ್ಲೇ ಬಂದುಬಿಟ್ಟಿತು.

“ಅಜಿ?” ಎಂದಳು ಅವಳು. ಮುಖ ಬೇರೆಯಾಯಿತು. “ತಂದೆಯ ತಾಯಿಯನ್ನು ನಾವು ಅಜಿ ಎನ್ನುತ್ತೇವೆ. ತಾಯಿಯ ತಾಯಿಯಾದರೆ ನೀವು ನಾನಿ.” ನಾನು ಯಾರೆಂಬುದನ್ನು ತಿದ್ದಿ, ಹಿಂದಿರುಗುವ ಟಿಕೇಟನ್ನು ತೋರಿಸೆಂದಳು. ನೀಲಿ ಚೀಟಿ. ತಾರೀಖನ್ನು ಓದಿ ಮುದ್ರೆ ಒತ್ತಿದಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆ ಎಲ್ಲ ಕಡೆಯೂ ನಿಜವಲ್ಲ.

ಜನವರಿ 29ರಂದು ಮೊಮ್ಮಗಳು ಹುಟ್ಟಿದಳು. ಹೆರಿಗೆ ಕಷ್ಟವಾಯಿತು, ಎರಡು ರಾತ್ರಿ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆ. ಮಗಳು ಕಣ್ಣು ಬಿಟ್ಟು, “ಅಮ್ಮಾ, ಇಲ್ಲೇ ಇದ್ದೀಯಾ?” ಎಂದು ಕೇಳಿದಳು. ಆ ಒಂದು ಮಾತಿಗೆ ನ್ಯೂಯಾರ್ಕಿನ ಟಿಕೇಟಿನ ನಷ್ಟ ತುಂಬಿಹೋಯಿತು.

ಮನೆಗೆ ಬಂದ ಮೇಲೆ ಪಕ್ಕದ ಮನೆಯ ವೃದ್ಧೆಯೊಬ್ಬಳು ದಿನವೂ ಬರತೊಡಗಿದಳು. ಎಪ್ಪತ್ತೆಂಟು ವರ್ಷ. ಹಿಂದಿ ಬಾರದು, ಆದರೆ ಅರಿಸಿನಕ್ಕೆ ಹರ್ದಿ, ಜೀರಿಗೆಗೆ ಗೀರಾ, ಕಾವಲಿಗೆ ತವಾ ಎನ್ನುವಳು. ಆರನೆಯ ದಿನ ಛಠಿ ಮಾಡಲೇಬೇಕೆಂದು ಹಟ ಹಿಡಿದಳು. ನನಗೆ ನಮ್ಮ ಉತ್ತರ ಕರ್ನಾಟಕದ ಕಡೆಯ ಸಟವಿಯ ಪೂಜೆ ನೆನಪಾಯಿತು. ಮಗುವಿಗೆ ಶೀತವಾದಾಗ ಅವಳ ಹಿತ್ತಲಿನಿಂದ ದಪ್ಪ ಎಲೆಗಳನ್ನು ಕಿತ್ತು ತಂದಳು. ನೋಡಿದರೆ ನಮ್ಮ ದೊಡ್ಡಪತ್ರೆ! ನಾನು ಮೈಸೂರಿನಲ್ಲಿ ಬಿಟ್ಟು ಬಂದದ್ದು ಇಲ್ಲಿ ನನಗಾಗಿ ಕಾದು ನಿಂತಿತ್ತು.

“ನಿಮ್ಮ ಮನೆಯಲ್ಲೂ ಕೆಲಸವಿದೆ. ದಿನವೂ ಏಕೆ ಶ್ರಮಪಡುವಿರಿ?” ಎಂದು ಒಂದು ದಿನ ಕೇಳಿದೆ. ಅವಳು ನನ್ನನ್ನು ತನ್ನ ಮನೆಗೆ ಕರೆದೊಯ್ದು, ಗೋಡೆಯ ಮೇಲೆ ಕಟ್ಟುಹಾಕಿಸಿ ತೂಗಿಸಿದ್ದ ಒಂದು ಕಾಗದವನ್ನು ತೋರಿಸಿದಳು. ಅದು ಅವಳ ಅಜಿಯ ವಲಸೆ ಪಾಸಿನ ಪ್ರತಿ.

ಆ ದ್ವೀಪಕ್ಕೆ ಕಬ್ಬಿನ ಗದ್ದೆಗಳ ದುಡಿಮೆಗಾಗಿ ನಮ್ಮ ದೇಶದವರನ್ನು ಹೊತ್ತ ಮೊದಲ ಹಡಗು ಫತೆಲ್ ರಜಾಕ್ 1845ರ ಮೇ 30ರಂದು ತಲಪಿತು. 1917ರವರೆಗೆ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನ ಹೋದರು. ಬಹುಪಾಲು ಕಲ್ಕತ್ತೆಯಿಂದ, ಕೆಲವರು ಮದರಾಸಿನಿಂದ. ಒಬ್ಬೊಬ್ಬರಿಗೂ ಒಂದೊಂದು ಪಾಸು. ವೃದ್ಧೆಯ ಅಜಿ 1908ರಲ್ಲಿ ಬಂದವಳು. ವಯಸ್ಸು ಹದಿನೇಳು. ತಂದೆಯ ಹೆಸರು, ಜಾತಿ, ಜಿಲ್ಲೆ ಬಸ್ತಿ, ಠಾಣೆ, ಹಳ್ಳಿ; ಎತ್ತರ ನಾಲ್ಕು ಅಡಿ ಹತ್ತು ಅಂಗುಲ; ಎಡ ಮುಂಗೈಯಲ್ಲಿ ಹಚ್ಚೆ; ದುಡಿಯಲು ಸಮರ್ಥಳೆಂದು ವೈದ್ಯರ ಸಹಿ. ಕೆಳಗೆ ‘ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್’ ಎಂಬ ಅಧಿಕಾರಿಯ ರುಜು. ಸ್ವತಂತ್ರ ಭಾರತದ 1983ರ ವಲಸೆ ಕಾಯಿದೆಯಲ್ಲಿಯೂ ಆ ಹುದ್ದೆಗೆ ಅದೇ ಹೆಸರೇ ಉಳಿದುಕೊಂಡಿತು.

ಕಾಗದವನ್ನು ಎರಡು ಬಾರಿ ಓದಿದೆ. ಹಚ್ಚೆಗೂ ಅದರಲ್ಲಿ ಜಾಗವಿತ್ತು. ತಾಯಿಯ ಹೆಸರಿಗೆ ಇರಲಿಲ್ಲ.

ಐದು ವರ್ಷ ಕರಾರಿನ ದುಡಿಮೆ. ತೋಟ ಬಿಟ್ಟು ಹೊರಗೆ ಹೋಗಲು ಚೀಟಿ ಬೇಕು. ಚೀಟಿ ಇಲ್ಲದೆ ಸಿಕ್ಕಿದವರಿಗೆ ಸೆರೆ. ಹತ್ತು ವರ್ಷ ಕಳೆದರೆ ಊರಿಗೆ ಮರಳುವ ಹಡಗಿನ ಹಕ್ಕು. ಮೊದಲು ಅದು ಉಚಿತವಾಗಿತ್ತು. ಆಮೇಲಾಮೇಲೆ ಖರ್ಚಿನಲ್ಲಿ ಒಂದು ಪಾಲನ್ನು ಅವರೇ ತೆರಬೇಕಾಯಿತು. ಹೆಚ್ಚಿನವರು ಮರಳಲಿಲ್ಲ. ಈಕೆಯ ಅಜಿಯೂ ಮರಳಲಿಲ್ಲ.

“ಏಳು ಮಕ್ಕಳು ನನ್ನ ಅಜಿಗೆ. ಒಂದು ಹೆರಿಗೆಗೂ ತಾಯಿ ಬರಲಿಲ್ಲ. ಬರುವ ಬಗೆ ಹೇಗೆ? ಎಲ್ಲಿದ್ದಾಳೆಂದೇ ಆ ತಾಯಿಗೆ ಗೊತ್ತಿರಲಿಲ್ಲ. ಹಡಗಿನಲ್ಲಿ ಜೊತೆಗೆ ಬಂದ ಹೆಂಗಸರೇ ನೋಡಿಕೊಂಡರು. ಅದಕ್ಕೇ ಅಜಿ ಹೇಳುತ್ತಿದ್ದಳು, ಯಾವ ಮನೆಯಲ್ಲಿ ಕೂಸು ಅತ್ತರೂ ಕೇಳದವಳಂತೆ ಇರಬೇಡ ಎಂದು” ಎಂದಳು ಆಕೆ.

ನನಗೆ ಮಾತು ಹೊರಡಲಿಲ್ಲ. ಕಟ್ಟೆಯಲ್ಲಿ ಆ ಅಧಿಕಾರಿಣಿ ನನ್ನ ಹಿಂದಿರುಗುವ ಟಿಕೇಟನ್ನು ಕೇಳಿದಾಗ ನನಗೆ ಅವಮಾನವೆನಿಸಿತ್ತು. ಇವಳು ಎಲ್ಲಿ ಇಲ್ಲೇ ಉಳಿದುಬಿಡುತ್ತಾಳೋ ಎಂಬ ಅಪನಂಬಿಕೆಯೆಂದು ತೋರಿತ್ತು. ಆ ಟಿಕೇಟು ಎಂಥ ಭಾಗ್ಯವೆಂಬುದು ಆ ಗೋಡೆಯ ಮುಂದೆ ತಿಳಿಯಿತು.

ಮಗುವಿಗೆ ಒಂದು ತಿಂಗಳು ತುಂಬಿದ ಮೇಲೆ ಆಕೆ ನಮ್ಮನ್ನು ವಾಟರ್‌ಲೂ ಎಂಬಲ್ಲಿನ ಸಮುದ್ರದೊಳಗಿನ ದೇವಸ್ಥಾನಕ್ಕೆ ಕರೆದೊಯ್ದಳು. ಸಿವ್‌ದಾಸ್ ಸಾಧು ಎಂಬ ಕೂಲಿಯಾಳು 1947ರಲ್ಲಿ ಸಕ್ಕರೆ ಕಂಪೆನಿಯ ಜಮೀನಿನಲ್ಲಿ ಗುಡಿ ಕಟ್ಟಿದನು. ಅನುಮತಿ ಇಲ್ಲವೆಂದು ಗುಡಿಯನ್ನು ಕೆಡವಿಸಿ, ಅವನಿಗೆ ದಂಡ ಹಾಕಿ ಹದಿನಾಲ್ಕು ದಿನ ಸೆರೆಯಲ್ಲಿಟ್ಟರು. ನೆಲದಲ್ಲಿ ಅನುಮತಿ ಇಲ್ಲದಿದ್ದರೆ ನೀರಿನಲ್ಲಿ ಯಾರ ಅನುಮತಿ ಬೇಕೆಂದು ಅವನು ಸೈಕಲ್ಲಿನ ಮೇಲೆ ಕಲ್ಲು ಹೊತ್ತು ತಂದು, ವರ್ಷಗಟ್ಟಲೆ ಸಮುದ್ರವನ್ನು ತುಂಬಿ ಅದರೊಳಗೆ ಗುಡಿ ಕಟ್ಟಿದನಂತೆ. ಮೊಮ್ಮಗಳನ್ನು ಆ ಮೆಟ್ಟಿಲ ಮೇಲೆ ಮಲಗಿಸಿ ಎತ್ತಿಕೊಂಡೆ.

ಓವಲ್ ಮೈದಾನಕ್ಕೂ ಹೋದೆ. ಗೇಟಿನ ಕಾವಲುಗಾರನಿಗೆ 1976ರ ವಿಷಯ ಹೇಳಿದೊಡನೆ ಅವನು ನಕ್ಕು, “ಆ ದಿನ ನನ್ನ ತಂದೆ ಊಟ ಮಾಡಲಿಲ್ಲ” ಎಂದು ಒಳಗೆ ಬಿಟ್ಟನು. ಯಾವ ಬಣ್ಣದ ಚೀಟಿಯನ್ನೂ ಕೇಳಲಿಲ್ಲ. ಅಲ್ಲಿ ಬೆಳಗಿನ ಹತ್ತು ಗಂಟೆ. ಮೈಸೂರಿನಲ್ಲಿ ಸಂಜೆ ಏಳೂವರೆ. ಮೊಬೈಲಿನಲ್ಲಿ ನಮ್ಮವರಿಗೆ ಮೈದಾನವನ್ನೂ ಅದರಾಚೆಯ ಹಸುರು ಬೆಟ್ಟಗಳನ್ನೂ ತೋರಿಸಿದೆ. “ವಿಶ್ವನಾಥ್ ನಿಂತದ್ದು ಯಾವ ಕೊನೆಯಲ್ಲಿ?” ಎಂದರು. ನನಗೇನು ಗೊತ್ತು? ಎರಡೂ ಕೊನೆಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಅವರು ಕುರ್ಚಿಯಿಂದ ಎದ್ದು ನಿಂತಿದ್ದರೆಂಬುದು ತೆರೆಯಲ್ಲಿ ಅವರ ಅಂಗಿಯ ಗುಂಡಿ ಮಾತ್ರ ಕಂಡದ್ದರಿಂದ ತಿಳಿಯಿತು.

ಮಾರ್ಚ್ ಕೊನೆಗೆ, ತೊಂಬತ್ತು ದಿನ ತುಂಬುವ ಮೊದಲೇ, ಹೊರಟೆ. ಪಿಯಾರ್ಕೊದಲ್ಲಿ ಮಗಳು ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಭಾಗ್ಯವೆಂದೆನಲ್ಲ, ಆ ಟಿಕೇಟನ್ನು ಕೈಯಲ್ಲಿ ಹಿಡಿಯುವುದೂ ಸುಲಭವಲ್ಲ. ಬೆಂಗಳೂರಿನಲ್ಲಿ ಆರೋಗ್ಯಾಧಿಕಾರಿ ಹಳದಿ ಪುಸ್ತಕವನ್ನು ತಿರುವಿ, ತಾರೀಖು ನೋಡಿ ಹಿಂದಿರುಗಿಸಿದರು. ಅರ್ಧ ನಿಮಿಷದ ಕೆಲಸ. ಹೊರಗೆ ನಮ್ಮವರು ಕಾದಿದ್ದರು.

ಹೊರಡುವ ಓದುಗರಿಗೆ ಒಂದು ಮಾತು. ವೀಸಾ ಬೇಡವೆಂಬ ಮಾತನ್ನು ಕೇಳಿ ಸಾಸಿವೆ ಸೀಯಲು ಬಿಡಬೇಡಿರಿ. ಹೋಗುವ ದೇಶವನ್ನು ಕೇಳಿರಿ, ನಡುವೆ ಇಳಿದೇರುವ ದೇಶವನ್ನು ಕೇಳಿರಿ, ಮರಳಿ ಬರುವ ನಮ್ಮ ದೇಶವನ್ನೂ ಕೇಳಿರಿ. ಈ ನಿಯಮಗಳು ಆಗಾಗ ಬದಲಾಗುತ್ತವೆ. ನನ್ನ ಪ್ರಯಾಣದ ಲೆಕ್ಕ ನಿಮಗೆ ಸಲ್ಲಲಾರದು. ಟಿಕೇಟಿಗೆ ಹಣ ಕಟ್ಟುವ ಮೊದಲು ಆಯಾ ದೇಶದ ರಾಯಭಾರ ಕಚೇರಿಯಿಂದಲೇ ತಿಳಿದುಕೊಳ್ಳುವುದು ಲೇಸು.

2025ರ ಜುಲೈಯಲ್ಲಿ ನಮ್ಮ ಪ್ರಧಾನಿಯವರು ಟ್ರಿನಿಡಾಡಿಗೆ ಹೋಗಿದ್ದಾಗ, ಅಲ್ಲಿನ ಭಾರತೀಯ ಮೂಲದವರಿಗೆ ಆರನೆಯ ತಲೆಮಾರಿನವರೆಗೂ ಸಾಗರೋತ್ತರ ನಾಗರಿಕರ ಕಾರ್ಡು ಕೊಡಲಾಗುವುದೆಂದು ಸಾರಿದರು. ಮರುವಾರವೇ ನೆರೆಮನೆಯ ಆ ವೃದ್ಧೆ ನನಗೆ ದೂರವಾಣಿ ಮಾಡಿದಳು.

“ನನ್ನ ಮೊಮ್ಮಗಳಿಗೂ ಸಿಗುವುದಂತೆ. ಬಸ್ತಿಗೆ ಹೋಗಿ ಬರಬೇಕೆನ್ನುತ್ತಾಳೆ. ಅಜಿಯ ಪಾಸನ್ನು ಗೋಡೆಯಿಂದ ಇಳಿಸಿದ್ದೇನೆ. ಅದರ ಜೊತೆಗೆ ಇನ್ನು ಯಾವ ಯಾವ ಕಾಗದ ಬೇಕು?”

ನಮ್ಮವರು ಪಕ್ಕದಲ್ಲೇ ಇದ್ದರು. ಆಗಲೇ ಹೊಸ ಕಡತವೊಂದನ್ನು ತೆರೆದು, ಬಣ್ಣದ ಚೀಟಿಗಳನ್ನು ಕತ್ತರಿಸಲು ಕುಳಿತಿದ್ದರು.